ಗೆಳೆಯನ ಮೇಲಿನ ಸಿಟ್ಟನ್ನು ಆ ಗೆಳೆಯನೇ ಹಾಡಿದಾಗ

ಕೀನ್ ಅನ್ನುವ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಮಾತು ಬಂದಾಗಲೆಲ್ಲ ಜನ ಮೊದಲ ಆಲ್ಬಂ ಹೆಸರು ಹೇಳಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. 2004ರ ‘ಹೋಪ್ಸ್ ಅಂಡ್ ಫಿಯರ್ಸ್’. ಚೆಂದದ ಆಲ್ಬಂ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನನ್ನು ಕೇಳಿದರೆ ಈ ಬ್ಯಾಂಡಿನ ಜೀವ ಇರುವುದು ಎರಡನೆಯದರಲ್ಲಿ. 2006ರ ಜೂನ್‌ನಲ್ಲಿ ಬಂದ ‘ಅಂಡರ್ ದಿ ಐರನ್ ಸೀ’. ಹೀಗಂದರೆ “ಅದು ಸ್ವಲ್ಪ ಜಾಸ್ತಿ ಮಂಕು ಅಲ್ವಾ?” ಅನ್ನುತ್ತಾರೆ. ಹೌದು, ಮಂಕೇ. ಆ ಮಂಕು ಎಲ್ಲಿಂದ ಬಂತು ಅನ್ನುವುದನ್ನೇ ಇವತ್ತು ಉದ್ದಕ್ಕೆ ಬರೆಯಬೇಕು ಅನ್ನಿಸಿದೆ.

ನನಗೂ ಇದು ಮೊದಲ ಸಲಕ್ಕೆ ಹಿಡಿಸಲಿಲ್ಲ. ಮೊದಲ ಆಲ್ಬಂ ಕೇಳಿ ಕೇಳಿ ಒಂದು ಆಸೆ ಇಟ್ಟುಕೊಂಡಿದ್ದೆ. ಅದೇ ತಿಳಿಯಾದ ಪಿಯಾನೊ, ಅದೇ ಎತ್ತರದ ದನಿ, ಒಂದು ಸಲ ಕೇಳಿದರೆ ದಿನವಿಡೀ ಗುನುಗುವಂಥ ಹಾಡುಗಳು. ಹಾಕಿದರೆ ಮೊದಲ ಹಾಡೇ ಭಾರವಾಗಿ, ನಿಧಾನವಾಗಿ, ಕತ್ತಲ ಕೋಣೆಯೊಳಗೆ ಕಾಲಿಟ್ಟ ಹಾಗೆ ಶುರುವಾಯಿತು. ಅರ್ಧಕ್ಕೇ ನಿಲ್ಲಿಸಿ ಎತ್ತಿಟ್ಟೆ. ಮತ್ತೆ ಕೈಗೆತ್ತಿಕೊಂಡಿದ್ದು ಎಷ್ಟೋ ತಿಂಗಳ ಮೇಲೆ, ನಿದ್ದೆ ಬಾರದ ಒಂದು ರಾತ್ರಿ. ಆವತ್ತು ಕೊನೆಯ ಹಾಡಿನವರೆಗೆ ಅಲುಗಾಡದೆ ಕೂತು ಕೇಳಿದೆ.

ಎರಡನೇ ಆಲ್ಬಂ ಅನ್ನುವುದೇ ಯಾವ ಬ್ಯಾಂಡಿಗಾದರೂ ಕಷ್ಟದ ಕೆಲಸ. ಮೊದಲನೆಯದಕ್ಕೆ ಹುಟ್ಟಿದಾಗಿನಿಂದ ಕೂಡಿಟ್ಟ ಮಾತು, ರಾಗ ಎಲ್ಲ ಇರುತ್ತದೆ. ಯಾರೂ ಕಾಯುತ್ತಿರುವುದಿಲ್ಲ, ಹಾಗಾಗಿ ಅವಸರವೂ ಇರುವುದಿಲ್ಲ. ಎರಡನೆಯದಕ್ಕೆ ಸಿಗುವುದು ಒಂದೋ ಎರಡೋ ವರ್ಷ. ಅದೂ ಬಸ್ಸಿನಲ್ಲಿ, ವಿಮಾನದಲ್ಲಿ, ಹೋಟೆಲ್ ಕೋಣೆಯಲ್ಲಿ ಕಳೆದ ವರ್ಷಗಳು. ಕೀನ್‌ಗೂ ಹಾಗೇ ಆಯಿತು. ಮೊದಲ ಆಲ್ಬಂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. 2005ರಲ್ಲಿ ಅಲ್ಲಿನ ದೊಡ್ಡ ಸಂಗೀತ ಪ್ರಶಸ್ತಿಯಾದ ಬ್ರಿಟ್ ಕೂಡ ಬಂತು. ಅಲ್ಲಿಂದ ಮೂರೂ ಜನ ಮನೆ ಬಿಟ್ಟವರು ಊರೂರು ಸುತ್ತಿದ್ದೇ ಸುತ್ತಿದ್ದು.

ಆ ಮೂರು ಜನ ಯಾರು ಅಂತ ಹೇಳದೆ ಮುಂದೆ ಹೋಗಲಾರೆ. ಹಾಡುವವನು ಟಾಮ್ ಚಾಪ್ಲಿನ್. ಪಿಯಾನೊ ನುಡಿಸುವವನು, ಹಾಡುಗಳನ್ನು ಬರೆಯುವವನು ಟಿಮ್ ರೈಸ್-ಆಕ್ಸ್ಲಿ. ಡ್ರಮ್ಸ್ ರಿಚರ್ಡ್ ಹ್ಯೂಸ್. ಇಂಗ್ಲೆಂಡಿನ ಈಸ್ಟ್ ಸಸೆಕ್ಸ್‌ನ ಬ್ಯಾಟಲ್ ಅನ್ನುವ ಸಣ್ಣ ಊರಿನ ಕಡೆಯವರು. 1066ರ ಆ ದೊಡ್ಡ ಯುದ್ಧ ನಡೆದದ್ದರಿಂದಲೇ ಊರಿಗೆ ಆ ಹೆಸರು. ಟಾಮ್ ಮತ್ತು ಟಿಮ್ ಚಿಕ್ಕಂದಿನಿಂದ ಒಟ್ಟಿಗೆ ಬೆಳೆದವರು. ಟಾಮ್‌ನ ಅಪ್ಪ ನಡೆಸುತ್ತಿದ್ದ ಶಾಲೆಯಲ್ಲೇ ಇಬ್ಬರೂ ಓದಿದ್ದು. ಮುಂದೆ ಕೋಲ್ಡ್‌ಪ್ಲೇ ಬ್ಯಾಂಡಿನ ಕ್ರಿಸ್ ಮಾರ್ಟಿನ್ ‘ನಮ್ಮಲ್ಲಿಗೆ ಬಾ, ಕೀಬೋರ್ಡ್ ನುಡಿಸು’ ಅಂತ ಟಿಮ್‌ನನ್ನು ಕರೆದಿದ್ದರು. ಟಿಮ್ ಹೋಗಲಿಲ್ಲ. ತನ್ನ ಗೆಳೆಯರ ಬ್ಯಾಂಡಿನಲ್ಲೇ ಉಳಿದ. ಆಗ ಕೀನ್ ಹೆಸರು ಯಾರಿಗೂ ಗೊತ್ತಿರಲಿಲ್ಲ ಅನ್ನುವುದನ್ನು ನೆನಪಿಡಿ.

ಇಂಥ ಗೆಳೆತನ ಎರಡನೇ ಆಲ್ಬಂ ಹೊತ್ತಿಗೆ ಹಳಸುತ್ತಾ ಬಂದಿತ್ತು. ದಿನವೂ ಒಂದೇ ವೇದಿಕೆ, ಒಂದೇ ಬಸ್ಸು, ಆದರೆ ಮಾತಿಲ್ಲ. ಬ್ಯಾಂಡ್ ಮುರಿದುಹೋಗುವ ಹಂತಕ್ಕೆ ಬಂದಿತ್ತು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಎದುರು ಕೂತು ಹೇಳಲಾಗದ್ದನ್ನು ಟಿಮ್ ಹಾಡಾಗಿ ಬರೆದ. ಬ್ಯಾಂಡಿನಲ್ಲಿ ಹಾಡುವವನು ಟಾಮ್ ಒಬ್ಬನೇ. ಅಂದರೆ, ತನ್ನ ಮೇಲಿನ ದೂರನ್ನು ಟಾಮ್ ತನ್ನದೇ ದನಿಯಲ್ಲಿ, ಸಾವಿರಾರು ಜನರ ಮುಂದೆ, ಮೈಕ್ ಹಿಡಿದು ಹಾಡಬೇಕಾಯಿತು.

ಇದು ತಿಳಿದ ಮೇಲೆ ನನಗೆ ಆಲ್ಬಂ ಪೂರ್ತಿ ಬೇರೆಯೇ ಆಗಿ ಕೇಳಿಸಿತು.

‘ಹ್ಯಾಂಬರ್ಗ್ ಸಾಂಗ್’ ತೆಗೆದುಕೊಳ್ಳಿ. ಡ್ರಮ್ಸಿನ ಅಬ್ಬರವಿಲ್ಲ. ಮೆತ್ತಗೆ ಆರ್ಗನ್ ನಾದ, ಅದರ ಮೇಲೆ ದನಿ, ಅಷ್ಟೇ. ಇಷ್ಟೆಲ್ಲ ಕೊಡುತ್ತಲೇ ಇದ್ದೇನೆ, ನಿನ್ನ ಬದುಕಿನಲ್ಲಿ ನನಗೊಂದು ಜಾಗ ಇದೆಯಾ ಅಂತ ಕೇಳುವ ಹಾಡು ಅದು. ಕೇಳಿದವರೆಲ್ಲ ಪ್ರೇಮಗೀತೆ ಅಂದುಕೊಳ್ಳುತ್ತಾರೆ. ಟಿಮ್ ಅದನ್ನು ಬರೆದದ್ದು ಟಾಮ್‌ಗೆ. ಟಾಮ್ ಅದನ್ನು ಹಾಡಿರುವ ರೀತಿ ನೋಡಿ. ಎಲ್ಲೂ ಜೋರು ಮಾಡುವುದಿಲ್ಲ. ಅಷ್ಟೊಂದು ಎತ್ತರಕ್ಕೆ ಹೋಗಬಲ್ಲ ಗಂಟಲು ಇಲ್ಲಿ ತಲೆ ತಗ್ಗಿಸಿಕೊಂಡು ಹಾಡುತ್ತದೆ. ಇದು ತನಗೇ ಬಂದ ಕಾಗದ ಅಂತ ಗೊತ್ತಿದ್ದೂ ಒಂದಕ್ಷರ ಬಿಡದೆ ಓದಿದ ಹಾಗಿದೆ.

ನನಗೂ ಒಬ್ಬ ಹಳೆಯ ಗೆಳೆಯನ ಜೊತೆ ಮಾತು ನಿಂತುಹೋಗಿತ್ತು. ದೊಡ್ಡ ಜಗಳ ಏನೂ ಆಗಿರಲಿಲ್ಲ. ಅವನು ಕರೆಯಲಿ ಅಂತ ನಾನು, ನಾನು ಕರೆಯಲಿ ಅಂತ ಅವನು. ಎಷ್ಟೋ ಸಲ ಉದ್ದುದ್ದ ಮೆಸೇಜ್ ಬರೆದು ಅಳಿಸಿದ್ದೇನೆ. ಒಂದು ದಿನ ಸುಮ್ನೆ ಈ ಹಾಡಿನ ಲಿಂಕ್ ಕಳಿಸಿದೆ, ಜೊತೆಗೆ ಒಂದು ಮಾತೂ ಬರೆಯದೆ. ಎರಡು ದಿನ ಬಿಟ್ಟು ಫೋನ್ ಮಾಡಿದ. ಹಾಡಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈ ಆಲ್ಬಂ ಬಗ್ಗೆ ನಾನು ಇಷ್ಟು ಪಟ್ಟು ಹಿಡಿದು ಮಾತಾಡುವುದಕ್ಕೆ ಅದೂ ಒಂದು ಕಾರಣ ಇರಬೇಕು.

ಈಗ ನಾದದ ವಿಷಯಕ್ಕೆ ಬರುತ್ತೇನೆ. ಜನ ಸರಿಯಾಗಿ ಗಮನಿಸದೇ ಬಿಟ್ಟದ್ದು ಇದನ್ನೇ. ಆಗ ಕೀನ್ ಅಂದರೆ ಗಿಟಾರ್ ಇಲ್ಲದ ರಾಕ್ ಬ್ಯಾಂಡ್. ಮೊದಲು ಡಾಮಿನಿಕ್ ಸ್ಕಾಟ್ ಅನ್ನುವ ಗಿಟಾರ್ ವಾದಕ ಇದ್ದ. 2001ರಲ್ಲಿ ಬಿಟ್ಟುಹೋದ. ಅವನ ಜಾಗಕ್ಕೆ ಇವರು ಯಾರನ್ನೂ ತರಲಿಲ್ಲ. ಆ ಖಾಲಿ ಜಾಗವನ್ನು ಪಿಯಾನೊ ತುಂಬಿತು. ಮೊದಲ ಆಲ್ಬಂನಲ್ಲಿ ಪಿಯಾನೊ ಪಿಯಾನೊ ತರಹವೇ ಕೇಳುತ್ತದೆ. ಎರಡನೆಯದರಲ್ಲಿ ಹಾಗಿಲ್ಲ. ‘ಇಸ್ ಇಟ್ ಎನಿ ವಂಡರ್?’ ಶುರುವಾದಾಗ ಹತ್ತಕ್ಕೆ ಒಂಬತ್ತು ಜನ ಅದನ್ನು ಗಿಟಾರ್ ಅಂತಲೇ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಅದು ಪಿಯಾನೊ.

ಹೇಗೆ ಅಂತೀರಾ? ಟಿಮ್ ನುಡಿಸುವುದು ಯಮಹಾ ಸಿಪಿ-70 ಅನ್ನುವ ಎಲೆಕ್ಟ್ರಿಕ್ ಗ್ರ್ಯಾಂಡ್ ಪಿಯಾನೊ. 1970ರ ದಶಕದಲ್ಲಿ ವೇದಿಕೆಯಿಂದ ವೇದಿಕೆಗೆ ಹೊತ್ತೊಯ್ಯುವುದಕ್ಕೆ ಅಂತಲೇ ಮಾಡಿದ ವಾದ್ಯ. ಎರಡು ಭಾಗ ಮಾಡಿ ಪೆಟ್ಟಿಗೆಗೆ ತುಂಬಬಹುದು. ಮಾಮೂಲಿ ಪಿಯಾನೊದಲ್ಲಿ 88 ಕೀಲಿ, ಇದರಲ್ಲಿ 73. ಒಳಗೆ ನಿಜವಾದ ತಂತಿಗಳಿವೆ, ಅವನ್ನು ಬಡಿಯುವ ಸುತ್ತಿಗೆಗಳಿವೆ. ಆದರೆ ತಂತಿಯ ನಡುಕವನ್ನು ಹೊರಗೆ ಒಯ್ಯುವುದು ಮರದ ಹಲಗೆಯಲ್ಲ, ಅದನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಪಿಕಪ್. ಅಂದರೆ ಎಲೆಕ್ಟ್ರಿಕ್ ಗಿಟಾರ್ ಕೆಲಸ ಮಾಡುವ ಹಾಗೇ. ಹೀಗಿರುವಾಗ ನಾದವನ್ನು ಒಡೆದು ಒರಟು ಮಾಡಲು ಗಿಟಾರ್‌ಗೆ ಹಾಕುವ ಡಿಸ್ಟಾರ್ಷನ್ ಪೆಡಲ್‌ಗಳನ್ನು ಇದಕ್ಕೂ ಹಾಕಬಹುದು ಅಲ್ವಾ? ಟಿಮ್ ಅದನ್ನೇ ಮಾಡಿದ. ಒಂದರ ಹಿಂದೆ ಒಂದು ಪೆಡಲ್ ಜೋಡಿಸಿ ನಾದವನ್ನು ಹಿಂಡಿದ, ಹರಿದ, ಒರಟು ಮಾಡಿದ.

ಹೊಸತು ಮಾಡುವ ಹುಮ್ಮಸ್ಸು ಅಂತ ಇದನ್ನು ಬದಿಗಿಡಬೇಡಿ. ಮೊದಲ ಆಲ್ಬಂನ ಆ ಶುಭ್ರ ಪಿಯಾನೊ ಇಟ್ಟುಕೊಂಡು ಈ ಹಾಡುಗಳನ್ನು ಹಾಡಲು ಆಗುತ್ತಲೇ ಇರಲಿಲ್ಲ. ಮನಸ್ಸು ಕೆಟ್ಟವನ ಕೈಯಲ್ಲಿ ವಾದ್ಯವೂ ಗೀರಿದ ಹಾಗೆ ಕೇಳಬೇಕಿತ್ತು. ಜೊತೆಗೆ ಟಾಮ್‌ನ ದನಿ ಮಾತ್ರ ಮೊದಲಿನಷ್ಟೇ ತಿಳಿಯಾಗಿ ಉಳಿಯುತ್ತದೆ. ಕೆಳಗೆ ಕದಡಿದ ನೀರು, ಮೇಲೆ ತಿಳಿ ದನಿ. ಇಡೀ ಆಲ್ಬಂ ನಿಂತಿರುವುದು ಈ ಎರಡರ ಎಳೆದಾಟದ ಮೇಲೆ. ನಿರ್ಮಾಪಕ ಆಂಡಿ ಗ್ರೀನ್ ಜೊತೆ ಸೇರಿ ಬ್ಯಾಂಡ್ ತಾನೇ ಈ ಆಲ್ಬಂ ನಿರ್ಮಾಣ ಮಾಡಿದೆ. ಒಂದಷ್ಟು ರೆಕಾರ್ಡಿಂಗ್ ಇಂಗ್ಲೆಂಡಿನ ರೈ ಊರಿನಲ್ಲಿ, ಒಂದಷ್ಟು ನ್ಯೂಯಾರ್ಕಿನಲ್ಲಿ.

ಹೆಸರಿನಲ್ಲೇ ಸಮುದ್ರ ಇದೆ. ಹೊದಿಕೆಯ ಚಿತ್ರ ಬರೆದವರು ಸನ್ನಾ ಅನ್ನುಕ್ಕಾ. ಅಲೆಗಳು ಕುದುರೆಗಳಾಗಿ ಎದ್ದು ಬರುತ್ತವೆ. ಮಕ್ಕಳ ಕಥೆಪುಸ್ತಕದ ಚಿತ್ರದ ಹಾಗಿದೆ, ಆದರೆ ನೋಡುತ್ತಾ ಹೋದರೆ ಸಣ್ಣಗೆ ಹೆದರಿಕೆಯಾಗುತ್ತದೆ. ಹಾಡುಗಳಲ್ಲೂ ಅದೇ. ಕಪ್ಪೆ ರಾಜಕುಮಾರ, ಮಾಯದ ಗಾಜಿನ ಗೋಳ, ಮುರಿದ ಆಟಿಕೆ. ಮಕ್ಕಳ ಕಥೆಯ ಸಾಮಾನುಗಳೆಲ್ಲ ಇವೆ, ಕಥೆ ಮಾತ್ರ ಸುಖವಾಗಿ ಮುಗಿಯುವುದಿಲ್ಲ.

ಎಲ್ಲವೂ ಗೆಳೆತನದ ಹಾಡಲ್ಲ, ನಿಜ. ‘ಇಸ್ ಇಟ್ ಎನಿ ವಂಡರ್?’ ಹಿಂದೆ ಇರಾಕ್ ಯುದ್ಧ ಇದೆ. 2003ರಲ್ಲಿ ತಮ್ಮ ದೇಶ ಆ ಯುದ್ಧಕ್ಕೆ ಇಳಿದದ್ದನ್ನು ನೋಡಿ ನಂಬಿಕೆ ಕಳೆದುಕೊಂಡ ತಲೆಮಾರಿನ ಸಿಟ್ಟು ಅದು. ಬ್ರಿಟನ್ನಿನಲ್ಲಿ ಮೂರನೇ ಸ್ಥಾನಕ್ಕೆ ಹೋಯಿತು. ‘ಎ ಬ್ಯಾಡ್ ಡ್ರೀಮ್’ ಹುಟ್ಟಿದ್ದು ಡಬ್ಲ್ಯೂ. ಬಿ. ಯೇಟ್ಸ್ ಬರೆದ ಒಂದು ಕವಿತೆಯಿಂದ. ಮೊದಲ ಮಹಾಯುದ್ಧದ ಕಾಲದ ಒಬ್ಬ ಐರಿಶ್ ವಿಮಾನ ಚಾಲಕ ಮೋಡಗಳ ನಡುವೆ ತನ್ನ ಸಾವನ್ನು ಕಾಣುವ ಕವಿತೆ. ಯಾರ ಮೇಲೂ ದ್ವೇಷವಿಲ್ಲದೆ, ಯಾರ ಮೇಲೂ ಪ್ರೀತಿಯಿಲ್ಲದೆ ಹಾರುತ್ತಿರುವವನು. ಟಿಮ್ ಅದನ್ನು ಓದಿ ಯಾಕೆ ಅಲ್ಲಾಡಿದ ಅನ್ನುವುದು ನನಗೆ ಅರ್ಥವಾಗುತ್ತದೆ. ದಿನಾ ವಿಮಾನದಲ್ಲಿ ಕೂತು, ಯಾಕೆ ಹೊರಟೆ ಅನ್ನುವುದನ್ನೇ ಮರೆತವನಿಗೆ ಅದು ಬೇರೆ ಯಾರದೋ ಕಥೆ ಅನ್ನಿಸಿರಲಾರದು. ಈ ಹಾಡಿನ ಕೊನೆಯಲ್ಲಿ ದನಿ ಮತ್ತು ವಾದ್ಯ ಒಟ್ಟಿಗೆ ಮೇಲೇಳುವ ಜಾಗ ಬಂದಾಗ ನಾನು ಇವತ್ತಿಗೂ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತೇನೆ.

ಕೊರತೆ ಇಲ್ಲ ಅಂತ ಹೇಳುತ್ತಿಲ್ಲ. ‘ಲೀವಿಂಗ್ ಸೋ ಸೂನ್?’ ಮಾಮೂಲಿ ಹಾಡು. ‘ಪುಟ್ ಇಟ್ ಬಿಹೈಂಡ್ ಯೂ’ ಕೂಡ ನನಗೆ ಅಷ್ಟಾಗಿ ತಾಗುವುದಿಲ್ಲ.

‘ಅಟ್ಲಾಂಟಿಕ್’ ಬಗ್ಗೆ ಮಾತ್ರ ಒಂದು ಮಾತು ಜಾಸ್ತಿ ಹೇಳಬೇಕು. ನಾನು ಅರ್ಧಕ್ಕೆ ನಿಲ್ಲಿಸಿದ್ದೆ ಅಂದೆನಲ್ಲ, ಆ ಮೊದಲ ಹಾಡು ಇದೇ. ಮುಪ್ಪಿನಲ್ಲಿ ಒಬ್ಬಂಟಿಯಾಗುವ ಭಯ ಇದರ ತುಂಬ ಇದೆ. ಬರೆದಾಗ ಟಿಮ್‌ಗೆ ಮೂವತ್ತೂ ಆಗಿರಲಿಲ್ಲ. ಗೆದ್ದ ಬ್ಯಾಂಡಿನ ಹೊಸ ಆಲ್ಬಂ ಕುಣಿಯುವ ಹಾಡಿನಿಂದ ಶುರುವಾಗಲಿ ಅಂತ ಯಾರಾದರೂ ಬಯಸುತ್ತಾರೆ. ಇವರು ಇದನ್ನು ಮೊದಲು ಇಟ್ಟರು. ಅಷ್ಟೇ ಅಲ್ಲ, ಆಲ್ಬಂಗಿಂತ ಮುಂಚೆ ಜನರ ಕೈಗೆ ಕೊಟ್ಟದ್ದೂ ಇದನ್ನೇ. ಕಾದಂಬರಿಕಾರ ಇರ್ವಿನ್ ವೆಲ್ಷ್ ಇದಕ್ಕೊಂದು ಕಪ್ಪು-ಬಿಳುಪು ಚಿತ್ರ ಮಾಡಿದರು. ಇಂಥ ಧೈರ್ಯಕ್ಕೆ ಇವರಿಗೆ ಸಲ್ಲಬೇಕಾದ ಮೆಚ್ಚುಗೆ ಸಿಕ್ಕಿಲ್ಲ ಅಂತಲೇ ನನ್ನ ಕೊರಗು.

ಜನ ಕೊಂಡುಕೊಂಡರು, ಅದರಲ್ಲಿ ಕಡಿಮೆ ಇಲ್ಲ. ಬ್ರಿಟನ್ನಿನಲ್ಲಿ ಮೊದಲ ವಾರವೇ 2 ಲಕ್ಷ 20 ಸಾವಿರಕ್ಕೂ ಹೆಚ್ಚು ಪ್ರತಿ ಹೋಗಿ ಮೊದಲ ಸ್ಥಾನ. ಅಮೆರಿಕದಲ್ಲಿ ನಾಲ್ಕನೇ ಸ್ಥಾನ. ಹೊರಗಿನಿಂದ ನೋಡಿದರೆ ಎಲ್ಲ ಚೆನ್ನಾಗಿತ್ತು. ಒಳಗೆ ಟಾಮ್ ಕುಸಿಯುತ್ತಿದ್ದ. ಆಲ್ಬಂ ಬಂದು ಮೂರು ತಿಂಗಳೂ ತುಂಬಿರಲಿಲ್ಲ. ಆಗಸ್ಟ್‌ನಲ್ಲಿ, ಕುಡಿತ ಮತ್ತು ಡ್ರಗ್ಸ್ ಚಟಕ್ಕೆ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ ಅಂತ ಅವನೇ ಎಲ್ಲರ ಮುಂದೆ ಹೇಳಿದ. ಅಮೆರಿಕದ ಪ್ರವಾಸ ರದ್ದಾಯಿತು. ಆಗಿನ ಕೆಲವರು ಇದನ್ನು ಆಡಿಕೊಂಡರು. ಒಳ್ಳೆಯ ಮನೆಯ, ಮೆದು ಮುಖದ ಹುಡುಗ, ಇವನಿಗೆಂಥ ಕಷ್ಟ ಅನ್ನುವ ಧಾಟಿಯಲ್ಲಿ. ನನಗೆ ಅದು ಆಗಲೂ ಸಹಿಸಲಿಲ್ಲ, ಈಗಲೂ ಸಹಿಸುವುದಿಲ್ಲ. ನೋವಿಗೆ ಮನೆ ಮಠದ ಲೆಕ್ಕ ಇದೆಯಾ? ಅವನು ಅಷ್ಟು ದಿನ ಹಾಡುತ್ತಿದ್ದದ್ದನ್ನು ಕಿವಿಗೊಟ್ಟು ಕೇಳಿದ್ದರೆ ಸಾಕಿತ್ತು.

ಆದರೆ ಬ್ಯಾಂಡ್ ಮುರಿಯಲಿಲ್ಲ. 2008ರಲ್ಲಿ ಮೂರನೇ ಆಲ್ಬಂ, 2012ರಲ್ಲಿ ನಾಲ್ಕನೆಯದು ಬಂತು. ಆಮೇಲೆ ಒಂದು ದೀರ್ಘ ಬಿಡುವು. 2019ರಲ್ಲಿ ‘ಕಾಸ್ ಅಂಡ್ ಎಫೆಕ್ಟ್’ ತಂದರು. ಈ ಸಲ ಮುರಿದುಬಿದ್ದಿದ್ದವನು ಟಿಮ್. ಅವನ ಮದುವೆ ಮುರಿದಿತ್ತು, ಹಾಡುಗಳು ಅದರ ಬಗ್ಗೆಯೇ ಇದ್ದವು. ಆ ನೋವನ್ನೂ ಹಾಡಿದವನು ಟಾಮ್. ಎರಡೂ ಆಲ್ಬಂಗಳನ್ನು ಒಂದಾದ ಮೇಲೆ ಒಂದು ಹಾಕಿ ನೋಡಿ. 2006ರಲ್ಲಿ ಗೆಳೆಯನ ದೂರು ಹಾಡಿದ ಅದೇ ದನಿ, ಹದಿಮೂರು ವರ್ಷದ ಮೇಲೆ ಗೆಳೆಯನ ಪರವಾಗಿ ಹಾಡುತ್ತದೆ. ದನಿ ಸ್ವಲ್ಪ ದಪ್ಪಗಾಗಿದೆ. ತಾಳ್ಮೆ ಬಂದಿದೆ.

2024ರಲ್ಲಿ ಮೊದಲ ಆಲ್ಬಂಗೆ 20 ವರ್ಷ ತುಂಬಿತು ಅಂತ ಬ್ಯಾಂಡ್ ಮತ್ತೆ ಊರೂರು ಸುತ್ತಿತು. ಆ ಹಾಡುಗಳು ಬಂದಾಗ ಹುಟ್ಟಿರದ ಮಕ್ಕಳೂ ಬಂದು ಒಟ್ಟಿಗೆ ಹಾಡಿದರು. ನೋಡಿ ಖುಷಿಯಾಯಿತು. ‘ಅಂಡರ್ ದಿ ಐರನ್ ಸೀ’ಗೆ 20 ತುಂಬುವುದು 2026ರ ಜೂನ್‌ಗೆ. ಇದನ್ನೂ ಒಂದು ಸಲವಾದರೂ ಪೂರ್ತಿ ನುಡಿಸಲಿ. ‘ಅಟ್ಲಾಂಟಿಕ್’ನಿಂದ ಶುರುವಾಗಲಿ, ನಡುವೆ ಬರುವ ಮಾತಿಲ್ಲದ ತುಂಡನ್ನೂ ಬಿಡದಿರಲಿ. ‘ಹ್ಯಾಂಬರ್ಗ್ ಸಾಂಗ್’ ಬಂದಾಗ ಉಳಿದ ದೀಪಗಳನ್ನೆಲ್ಲ ಆರಿಸಿ, ಬರೆದವನ ಮೇಲೊಂದು, ಹಾಡುವವನ ಮೇಲೊಂದು ಬಿಡಲಿ. ಆ ದಿನ ನನ್ನ ಗೆಳೆಯನಿಗೆ ಲಿಂಕ್ ಕಳಿಸುವುದಿಲ್ಲ. ಪಕ್ಕದಲ್ಲೇ ಕೂರಿಸಿಕೊಂಡು ಕೇಳುತ್ತೇನೆ.