ಪೋರ್ಟಿಕೋದಲ್ಲಿ ಎರಡು ಕಾಮಗಾರಿ

ಮನೆ ರಿಪೇರಿಗೆ ಒಳ್ಳೆ ಕಾಲ ಯಾವುದು ಅಂತ ಯಾವ ಮೇಸ್ತ್ರಿಯನ್ನಾದರೂ ಕೇಳಿ, ಮಳೆ ಹಿಡಿಯೋ ಮೊದಲು ಅಂತಾರೆ. ಗಾರೆಗೆ ನೀರೂ ಬೇಕು, ಆಮೇಲೆ ಒಣಗೋಕೆ ಬಿಸಿಲೂ ಬೇಕು. ಕವಲುತೋಕೆ ಹಕ್ಕಿಯ ಲೆಕ್ಕವೂ ಇದೇ. ಬೇಸಿಗೆಯಲ್ಲಿ ಒಂದೆರಡು ಜೋರು ಮಳೆ ಬಿದ್ದು ರಸ್ತೆ ಪಕ್ಕ ಕೆಸರಾಯಿತೋ, ಅದರ ಕೆಲಸವೂ ಶುರು. ಹಾಗಾಗಿ ಶಿವಮೊಗ್ಗದ ನಮ್ಮ ಮನೆಯ ಪೋರ್ಟಿಕೋದಲ್ಲಿ ಈ ಸಲ ಎರಡು ಕಾಮಗಾರಿ ಒಟ್ಟಿಗೇ ನಡೆದವು. ಕೆಳಗೆ ನಮ್ಮದು, ಮೇಲೆ ಅವುಗಳದ್ದು.

ಚಳಿಗಾಲದಲ್ಲಿ ಕರೆಂಟ್ ತಂತಿ ಮೇಲೆ ಸಾಲಾಗಿ ಕೂರುತ್ತವಲ್ಲ, ಅವು ಬೇರೆ. ಅವು ಉತ್ತರದಿಂದ ಬಂದು ಹೋಗುವ ನೆಂಟರು, ಇಲ್ಲಿ ಗೂಡು ಕಟ್ಟುವುದಿಲ್ಲ. ನಮ್ಮವು ಸೊಂಟದ ಹತ್ತಿರ ಕೆಂಪಗಿರುವ ಜಾತಿ, ಇಲ್ಲಿಯವೇ. ಇವುಗಳ ಗೂಡು ಹೂಜಿಯನ್ನು ಅಡ್ಡ ಮಲಗಿಸಿ ಸೀಲಿಂಗಿಗೆ ಅಂಟಿಸಿದ ಹಾಗಿರುತ್ತದೆ. ಉದ್ದ ಕೊರಳೇ ಬಾಗಿಲು. ಕೊಕ್ಕಿನಲ್ಲಿ ಕೆಸರಿನ ಸಣ್ಣ ಉಂಡೆ ತಂದು ಒತ್ತುತ್ತವೆ, ಸ್ವಲ್ಪ ಕಟ್ಟಿ ಒಣಗಲು ಬಿಡುತ್ತವೆ, ಮತ್ತೆ ಮುಂದುವರಿಸುತ್ತವೆ. ಒಂದು ಗೂಡಿಗೆ ನೂರಾರು ಉಂಡೆ ಬೇಕು. ನಮ್ಮ ಮೇಸ್ತ್ರಿ ಸಾರುವೆ ಮೇಲೆ ನಿಂತು, ಕರಣೆ ಕೈಯಲ್ಲೇ ಹಿಡಿದು, ಅದನ್ನು ತುಂಬಾ ಹೊತ್ತು ನೋಡಿದರು. ಉಂಡೆ ಉಂಡೆಯಾಗಿ ಹೊರಗೆ ಉಬ್ಬಿಕೊಂಡಿತ್ತು, ಹೊಸ ಸಾಲು ಇನ್ನೂ ಕಪ್ಪಗೆ ಹಸಿ, ಹಳೆಯದು ಬಿಳಿಚಿಕೊಂಡಿತ್ತು. "ಒಂದು ವರಸೆ ಸೆಟ್ ಆಗೋತನಕ ಇನ್ನೊಂದು ಹಾಕಿಲ್ಲ ನೋಡಿ ಸಾರ್. ನಮ್ಮ ಹುಡುಗರಿಗೆ ಎಷ್ಟು ಹೇಳಿದರೂ ಈ ಬುದ್ಧಿ ಬರಲ್ಲ" ಅಂದರು.

ಆದರೂ ಸೀಲಿಂಗ್ ಪ್ಲಾಸ್ಟರಿಂಗ್ ಆಗಲೇಬೇಕಿತ್ತು, ಒಂದು ಕಡೆ ಕಬ್ಬಿಣ ಕಾಣೋಕೆ ಶುರುವಾಗಿತ್ತು. ಹಕ್ಕಿ ಓಡಿಸೋ ವಿಷಯದಲ್ಲಿ ನಮ್ಮ ಬೀದಿಯಲ್ಲಿ ಎಲ್ಲರೂ ಪಂಡಿತರೇ. ಒಬ್ಬರು ಹಳೇ ಸಿಡಿ ನೇತುಹಾಕಿ ಅಂದರು. ಕೆಲಸ ನಡೆಯುವ ಮನೆ ಅಂತ ನಾಲಿಗೆ ಚಾಚಿದ ದೃಷ್ಟಿಗೊಂಬೆ ಮೊದಲೇ ಕಟ್ಟಿದ್ದೆವು, ಹಕ್ಕಿ ಅದರ ತಲೆ ಮೇಲೇ ಕೂತು ಗರಿ ತೀಡಿಕೊಂಡಿತು. ಪೇಂಟರ್ ಅಂತೂ "ಪೈಪಲ್ಲಿ ನೀರು ಹೊಡೆದರೆ ಮುಗೀತು" ಅಂದುಬಿಟ್ಟರು. ಹಾಗೆಲ್ಲ ಮುಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಕ್ಕಿಯ ಮೊಟ್ಟೆ, ಗೂಡಿಗೆ ಕೈಹಾಕುವುದನ್ನೂ ಬೇಟೆ ಅಂತಲೇ ಎಣಿಸುತ್ತದೆ. ನಮ್ಮಮ್ಮನಿಗೆ ಆ ಕಾಯ್ದೆ ಗೊತ್ತಿಲ್ಲ, ಅವರದು ಅದಕ್ಕಿಂತ ಹಳೆಯದು. "ಮನೇಲಿ ಬಸುರಿ ಇದ್ದಾಗ ಮನೆ ಕೆಲಸ ಮಾಡಿಸಬಾರದು ಕಣೋ!"

ಒಕ್ಕಲೆಬ್ಬಿಸೋದಾದರೆ ಕೆಸರು ಇನ್ನೂ ಗೂಡಿನ ಆಕಾರಕ್ಕೆ ಬರೋ ಮೊದಲೇ ಆಗಬೇಕು. ಗರಿ, ಹುಲ್ಲು ಕಂಡಿತೋ, ಒಳಗೆ ಹಾಸಿಗೆ ಹಾಸ್ತಿದೆ ಅಂತ ಅರ್ಥ, ಅಲ್ಲಿಗೆ ನಮ್ಮ ಅವಕಾಶ ಮುಗಿದ ಹಾಗೆ. ಮೂರ್ನಾಲ್ಕು ಮೊಟ್ಟೆ, ಕಾವಿಗೆ ಸುಮಾರು ಎರಡು ವಾರ, ಮರಿ ಹಾರೋಕೆ ಇನ್ನೂ ಮೂರು ವಾರದ ಮೇಲೆ. ಗೂಡನ್ನೇ ಹುಷಾರಾಗಿ ಬಿಡಿಸಿ ಪಕ್ಕದಲ್ಲಿ ಇಡೋಣ ಅನ್ನೋದು ಕೇಳೋಕೆ ಚೆನ್ನಾಗಿದೆ. ಆದರೆ ಒಣಮಣ್ಣು ಕೈಯಲ್ಲೇ ಪುಡಿಯಾಗುತ್ತದೆ, ತಾಯಿ ತಂದೆ ಹಳೇ ಜಾಗವನ್ನೇ ಹುಡುಕುತ್ತವೆ.

ಎಡಗಡೆ ಮೂಲೆಯಲ್ಲಿ ಆಗಿನ್ನೂ ಬಳೆಯಷ್ಟು ಕೆಸರು ಹತ್ತಿತ್ತು. ಅದನ್ನು ಒರೆಸಿ, ಮೂಲೆಗೆ ಬಿಗಿಯಾಗಿ ಬಲೆ ಕಟ್ಟಿದೆವು. ಸಡಿಲ ಬಿಟ್ಟರೆ ಹಕ್ಕಿ ಸಿಕ್ಕಿಹಾಕಿಕೊಳ್ಳುತ್ತದೆ. ಓಡಿಸಿದ ಮೇಲೆ ಇನ್ನೊಂದು ಜಾಗ ತೋರಿಸಬೇಕಲ್ವಾ? ನುಣ್ಣಗಿದ್ದರೆ ಕೆಸರು ಹಿಡಿಯಲ್ಲ ಅಂತ, ಹಿತ್ತಲಿನ ಸಜ್ಜಾದ ಅಡಿಗೆ ಸೆಂಟ್ರಿಂಗ್‌ನ ಒಂದು ಒರಟು ಹಲಗೆ ಹೊಡೆಸಿದೆ. ಹಲಗೆಗಿಂತ ಜಾಸ್ತಿ ಕೆಲಸ ಮಾಡಿದ್ದು ಮಾತ್ರ ಕ್ಯೂರಿಂಗ್ ನೀರು ಅಂತ ನನ್ನ ಅನುಮಾನ. ಬೆಳಗ್ಗೆ ಸಂಜೆ ಗೋಡೆಗೆ ಹಾಯಿಸಿದ್ದೆಲ್ಲ ಹರಿದು ಹಿತ್ತಲಿನ ಕೆಮ್ಮಣ್ಣಿನ ಗುಡ್ಡೆ ಸೇರಿ, ಅಲ್ಲಿ ಹದವಾದ ಕೆಸರು ಸದಾ ಸಿದ್ಧವಾಗಿರುತ್ತಿತ್ತು. ಮುಂದಿನ ಬಾಗಿಲಲ್ಲಿ ಜಾಗ ಖಾಲಿ ಮಾಡಿ ಅಂತ ಹೇಳಿ ಹಿಂದಿನ ಬಾಗಿಲಲ್ಲಿ ಮೆಟೀರಿಯಲ್ ಸಪ್ಲೈ! ಜೋಡಿ ಹಲಗೆಯನ್ನು ಒಪ್ಪಿಕೊಂಡಿತು. ಹಲಗೆಯ ನಡುವೆ ಕಟ್ಟಲಿಲ್ಲ, ಗೋಡೆ ಸೇರುವ ತುದಿಯಲ್ಲಿ ಕಟ್ಟಿತು. ನಾವು ತೋರಿಸಿದ ಕಡೆಯೇ ಕಟ್ಟಿದರೆ ಅದರ ಮರ್ಯಾದೆ ಏನಾಗಬೇಕು?

ಬಲಗಡೆ ಮೂಲೆಯದು ಹೋದ ವರ್ಷದ ಗೂಡು. ತೇಪೆ ಹಾಕಿಕೊಂಡು ಆಗಲೇ ಕಾವಿಗೆ ಕೂತಿತ್ತು. ಗೂಡಿನ ಸುತ್ತ ಒಂದು ಚೌಕ ಬಿಟ್ಟು, ಸಾರುವೆಯನ್ನು ದೂರಕ್ಕೆ ಸರಿಸಿ, ಮಿಕ್ಕದ್ದಕ್ಕೆಲ್ಲ ಪ್ಲಾಸ್ಟರ್, ಪುಟ್ಟಿ, ಬಣ್ಣ ಆಯಿತು. ಬಂದವರೆಲ್ಲ ಮೊದಲು ನೋಡೋದು ಆ ಚೌಕವನ್ನೇ, ಆಮೇಲೆ ಅದರಡಿ ನೆಲದ ಮೇಲೆ ಹಾಸಿದ ಪೇಪರನ್ನು. ಲಕ್ಷಗಟ್ಟಲೆ ಸುರಿದ ಹೊಸ ಗ್ರಾನೈಟ್ ಮೆಟ್ಟಿಲು ಯಾರ ಕಣ್ಣಿಗೂ ಬೀಳುತ್ತಿಲ್ಲ. ಮರಿ ಹಾರಿದ ಮೇಲೆ ಬಂದು ಮುಗಿಸಿಕೊಡಿ ಅಂತ ಪೇಂಟರ್‌ಗೆ ಹೇಳಿದೆ. ಇವು ಒಮ್ಮೊಮ್ಮೆ ಅದೇ ಗೂಡಲ್ಲಿ ಎರಡನೇ ಸಲವೂ ಮೊಟ್ಟೆ ಇಡುತ್ತವೆ, ಹಾಗಾದರೆ ದೀಪಾವಳಿ ಹೊತ್ತಿಗೆ ಅಂತಲೂ ಸೇರಿಸಿದೆ. ಅವರು ಮೇಲೆ ನೋಡಿ, ನನ್ನನ್ನು ನೋಡಿ, "ಅರ್ಧ ದಿನದ ಕೂಲಿ ಬೇರೆ ಆಗುತ್ತೆ, ಏಣಿ ನಿಮ್ಮದೇ. ಒಂದು ಲೀಟರ್ ಬಣ್ಣ ಈಗಲೇ ತೆಗೆದಿಟ್ಕೊಳ್ಳಿ, ಆಮೇಲೆ ಇದೇ ಶೇಡ್ ಸಿಗಲ್ಲ" ಅಂದರು.