ಗ್ಯಾರಂಟಿ ಕೇಳುವ ನಮ್ಮ ಕಾಕಾ

ನಿನ್ನೆ ಗದಗದಲ್ಲಿ ಕುಬಸದ (ಸೀಮಂತದ) ಊಟ. ಗೋಧಿ ಹುಗ್ಗಿ ಎರಡು ತುತ್ತು ಇಳಿದಿರಲಿಲ್ಲ, ಕಾಕಾ ನನ್ನ ತಂಗಿಯನ್ನು ಹಿಡಿದರು. ಗೊತ್ತಲ್ಲ, ಹುಬ್ಬಳ್ಳಿಯ ಬ್ಯಾಂಕ್ ಕೆಲಸ ಬಿಟ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಪುಣೆ, ಬೆಂಗಳೂರಿಗೆ ಕಳಿಸುತ್ತಿದ್ದಾಳೆ.

"ಯವ್ವಾ, ನಾಳೆ ಏನ್ ಗ್ಯಾರಂಟಿ ಐತಿ?"

ಹುಗ್ಗಿಗೆ ಒಮ್ಮೆ, ಅನ್ನ-ಸಾರಿಗೆ ಇನ್ನೊಮ್ಮೆ.

ಕೇಳಿದ್ದು ಯಾರು ನೋಡಿ. ರೋಣದ ಎರೆಹೊಲದಲ್ಲಿ ಜೀವನವಿಡೀ ಹೆಸರು ಬಿತ್ತಿದವರು. ಮುಂಗಾರು ಕೈಕೊಟ್ಟರೆ ಬೆಳೆ ಏಳಲ್ಲ. ಎದ್ದರೂ ಕೊಯ್ಲಿನ ಹೊತ್ತಿಗೆ ಜಿಟಿಜಿಟಿ ಮಳೆ ಹಿಡಿದರೆ ಕಾಳು ಗಿಡದಲ್ಲೇ ಮೊಳಕೆ. ಅದನ್ನೂ ದಾಟಿದರೆ ಎಪಿಎಂಸಿಯ ದರ. ಆದರೂ ಹಿಂಗಾರಿಗೆ ಮತ್ತೆ ಕಡಲೆ. ಇವರ ಹತ್ತಿರ ಯಾರಾದರೂ ಗ್ಯಾರಂಟಿ ಕೇಳಿದ್ದಾರಾ?

ಇನ್ನು ಅವರ ಮಗ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾನೆ. ಅದು ಭದ್ರ ದಾರಿಯಂತೆ! 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ 2024ರ ಜನವರಿಯಲ್ಲಿ. ನೆಟ್ಟಗೆ ಬರೆದ ಹುಡುಗರ ಆ ವರ್ಷಗಳಿಗೆ ಗ್ಯಾರಂಟಿ ಕೊಟ್ಟವರು ಯಾರು? ಹುಡುಗ ಓದಲಿ, ಬೇಡ ಅನ್ನುತ್ತಿಲ್ಲ. ಆದರೆ ಪಂಕ್ತಿಯಲ್ಲಿ ಅವನನ್ನು ಯಾರೂ ಕೆಣಕಲ್ಲ.

ಅಷ್ಟರಲ್ಲಿ ಯಾರೋ ತಂಗಿಯ ಪರವಾಗಿ ಗಾಯಕ ಭೀಮಸೇನ ಜೋಶಿಯವರನ್ನು ಎಳೆತಂದರು. ಮನೆ ಬಿಟ್ಟು ಓಡಿದ ಹುಡುಗ ಭಾರತರತ್ನ ಆಗಲಿಲ್ವಾ ಅಂತ. ದಯವಿಟ್ಟು ಬೇಡ. ಅದು ಗೆದ್ದ ಮೇಲೆ ಹೇಳುವ ಕತೆ. ಗುರುವನ್ನು ಹುಡುಕಿ ಉತ್ತರ ಭಾರತ ಅಲೆದ ಮಗನನ್ನು ಅಪ್ಪ ಜಲಂಧರ್‌ನಿಂದ ಕರೆತಂದರು. ಆವತ್ತು ಓಣಿಯ ಜನ ಏನೇನು ಅಂದಿರಬಹುದು, ಯೋಚಿಸಿ. ಗುರು ಸಿಕ್ಕಿದ್ದು ಕೊನೆಗೆ ಇಲ್ಲೇ ಕುಂದಗೋಳದಲ್ಲಿ!

ತಿಂಗಳ ಸಂಬಳ ಇದ್ದರೆ ಸಾಲದ ಕಂತಿಗೆ ಚಿಂತೆಯಿಲ್ಲ ಅಂತೀರಿ. ಒಪ್ಪಿದೆ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ನಾನೇ ಅವಳನ್ನು ತಡೆಯುತ್ತಿದ್ದೆ. ಆದರೆ ಇವಳು ವರ್ಷದ ಖರ್ಚು ಕೈಯಲ್ಲಿಟ್ಟುಕೊಂಡೇ ರಾಜೀನಾಮೆ ಕೊಟ್ಟವಳು. ಅದನ್ನು ಕೇಳುವಷ್ಟು ಪುರುಸೊತ್ತು ಯಾರಿಗಿದೆ?

ನನಗ್ಯಾಕೆ ಇಷ್ಟು ಸಿಟ್ಟು ಅಂದರೆ, ಹೇಳಿಬಿಡುತ್ತೇನೆ: ಒಂದನೇ ತಾರೀಖು ಸಂಬಳ ಬೀಳುವ ನೌಕರಿ ನನ್ನದು. ಅವಳನ್ನು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚು.

ಕೇಳಲೇಬೇಕಿದ್ದರೆ ಸರಿಯಾದದ್ದು ಕೇಳಿ ಮಾರಾಯ್ರೇ. ಜೋಳದ ದರ ಏರಿದರೆ ಏನು ಮಾಡ್ತಿ? ಕೊರಿಯರ್‌ನಲ್ಲಿ ರೊಟ್ಟಿ ಮುರಿದರೆ ನಷ್ಟ ಯಾರಿಗೆ? ಎರಡನೆಯದಕ್ಕೆ ಅವಳ ಹತ್ತಿರ ಉತ್ತರ ಇದೆ. ಮೊದಲನೆಯದಕ್ಕೆ ಇನ್ನೂ ಇಲ್ಲ, ಅದನ್ನೂ ಮುಚ್ಚಿಡದೆ ಹೇಳುತ್ತಾಳೆ.