ಪಾಸ್ ವಸೂಲಾಯ್ತಾ?

ಮೈಸೂರಿನಲ್ಲಿ ಹುಟ್ಟಿ ಬೆಳೆದವನಿಗೆ ‘ಪಾಸ್’ ಎಂಬುದು ದುಡ್ಡು ಕೊಟ್ಟು ಕೊಳ್ಳುವ ವಸ್ತುವಲ್ಲ, ಯಾರನ್ನಾದರೂ ಹಿಡಿದು ಗಿಟ್ಟಿಸುವಂಥದ್ದು. ನವರಾತ್ರಿಗೆ ಇನ್ನೂ ತಿಂಗಳಿರುವಾಗಲೇ ಊರಿನ ಅರ್ಧ ಜನ ಇನ್ನರ್ಧ ಜನಕ್ಕೆ ಫೋನು ಮಾಡಿ, ಮೊದಲು ಮಂಡಿನೋವು ವಿಚಾರಿಸಿ, ಆಮೇಲೆ ಮಳೆ ವಿಚಾರಿಸಿ, ಕೊನೆಗೆ ‘ಒಂದೆರಡು ಪಾಸ್ ಆಗುತ್ತಾ?’ ಅನ್ನುತ್ತಾರೆ. ಜಂಬೂಸವಾರಿಯ ದಿನ ಪಾಸ್ ಹಿಡಿದವನು ಗೇಟಿನ ಹೊರಗೆ ಬೆವರುತ್ತಿರುತ್ತಾನೆ, ಪಾಸ್ ಇಲ್ಲದ ‘ನಮ್ಮವರು’ ಒಳಗೆ ಮುಂದಿನ ಸಾಲಿನಲ್ಲಿ ಕುರ್ಚಿ ತುಂಬಾ ಕೂತಿರುತ್ತಾರೆ. ಅದು ಬೇರೆ ಪುರಾಣ. ದುಡ್ಡು ಕೊಡುತ್ತೇನೆ ಅನ್ನುವವರಿಗೆ ಗೋಲ್ಡ್ ಕಾರ್ಡ್ ಇದೆ. 2025ರ ದಸರೆಯಲ್ಲಿ ತಲೆಗೆ 6,500 ರೂಪಾಯಿ. ಆದರೆ ಅದನ್ನು ಕೊಂಡೆ ಎಂದು ಬಾಯಿಬಿಟ್ಟು ಹೇಳಿದ ಮೈಸೂರಿನವನನ್ನು ನಾನಂತೂ ಕಂಡಿಲ್ಲ. ಹೇಳಿದರೆ ‘ಪಾಪ, ಯಾರೂ ಪರಿಚಯ ಇಲ್ವಂತೆ’ ಎಂದು ಜನ ಮರುಗುತ್ತಾರೆ.

ಇಂಥ ಊರಿನಿಂದ ನಮ್ಮ ಭಾವ ಪ್ಯಾರಿಸ್ಸಿಗೆ ಹೊರಟರು.

ಮಗ ಜರ್ಮನಿಯಲ್ಲಿದ್ದಾನೆ. ‘ಹೇಗಿದ್ದರೂ ಬರ್ತೀರಲ್ಲ, ದಾರಿಯಲ್ಲಿ ಆರು ದಿನ ಪ್ಯಾರಿಸ್ ನೋಡ್ಕೊಂಡು ಬನ್ನಿ’ ಅಂದಿದ್ದ. ಭಾವ ಬ್ಯಾಂಕಿನಿಂದ ನಿವೃತ್ತರಾದವರು. ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಒಂಬತ್ತರವರೆಗೆ ಶಾಖೆಯ ದೀಪ ಆರಿಸಲು ಬಿಡದಿದ್ದ ಆಸಾಮಿ. ಸರಸ್ವತಿಪುರಂನ ಅವರ ಮನೆಗೆ ನಾನು ಹೋದಾಗ ಊಟದ ಮೇಜಿನ ಮೇಲೆ ಊಟ ಇರಲಿಲ್ಲ. ಬ್ಯಾಂಕಿನ ಹಳೇ ಡೈರಿ, ಸ್ಕೇಲು, ಕೆಂಪು ಪೆನ್ನು, ನೀಲಿ ಪೆನ್ನು ಇದ್ದವು.

“ಬಾರಯ್ಯ. ಪೇಪರಿಗೆ ಬರೆಯೋನು ನೀನು, ಇದನ್ನ ಸ್ವಲ್ಪ ಅರ್ಥ ಮಾಡಿಸು,” ಅಂದರು. ಅದಕ್ಕೂ ಮೊದಲು ಮೆಲ್ಲಗೆ, “ಅಲ್ಲಿ ನಿಂಗೆ ಯಾರಾದ್ರೂ ಗೊತ್ತಾ?” ಅಂತಲೂ ಕೇಳಿದರು. ಹುಟ್ಟುಗುಣ.

ಮೊದಲ ಪುಟದಲ್ಲಿ ಮೆಟ್ರೊ ಇತ್ತು. 2025ರ ಜನವರಿ 1ರಿಂದ ಪ್ಯಾರಿಸ್ಸಿನವರು ಟಿಕೆಟ್ ಪದ್ಧತಿಯನ್ನು ಸರಳಗೊಳಿಸಿದ್ದಾರೆ. ಸರಳ ಅಂದರೆ, ಮೊದಲು ಮೆಟ್ರೊಗೂ ಬಸ್ಸಿಗೂ ನಡೆಯುತ್ತಿದ್ದ ಒಂದು ಟಿಕೆಟ್ಟನ್ನು ತೆಗೆದುಹಾಕಿ, ಮೆಟ್ರೊ ಮತ್ತು ರೈಲಿಗೆ ಒಂದು, ಬಸ್ಸು ಮತ್ತು ಟ್ರಾಮಿಗೆ ಇನ್ನೊಂದು ಅಂತ ಎರಡು ಮಾಡಿದರು. ಆಗ ಇಟ್ಟ ದರ ಒಂದಕ್ಕೆ 2.50 ಯೂರೊ, ಇನ್ನೊಂದಕ್ಕೆ 2 ಯೂರೊ. ಮೆಟ್ರೊ ಇಳಿದು ಬಸ್ ಹತ್ತಿದರೆ ಹೊಸದಾಗಿ ಕಾಸು ಬಿಚ್ಚಬೇಕು. ಸರಳೀಕರಣ ಎಂಬ ಪದಕ್ಕೆ ವಿಧಾನಸೌಧದಲ್ಲೂ ಪ್ಯಾರಿಸ್ಸಿನಲ್ಲೂ ಒಂದೇ ಅರ್ಥ ಇರುವುದು ನೋಡಿ ನನಗಂತೂ ನೆಮ್ಮದಿಯಾಯಿತು.

ಹೀಗೆ ಬಿಡಿಬಿಡಿಯಾಗಿ ತೆಗೆದುಕೊಂಡರೆ ದುಬಾರಿ, ವಾರದ ಪಾಸ್ ಲಾಭ ಎಂದು ಭಾವ ನೀಲಿ ಪೆನ್ನಿನಲ್ಲಿ ಬರೆದು, ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ್ದರು. ವಾರ ಅಂದರೆ ಏಳು ದಿನ ಅಂತ ನಾವು ನೀವು ತಿಳಿದಿದ್ದೇವೆ. ಆದರೆ ‘ನಾವಿಗೋ’ ಎಂಬ ಪ್ಯಾರಿಸ್ಸಿನ ಸಾರಿಗೆ ಕಾರ್ಡಿಗೆ ಹಾಕಿಸುವ ವಾರದ ಪಾಸಿಗೆ ವಾರ ಅಂದರೆ ಸೋಮವಾರದಿಂದ ಭಾನುವಾರ. ಗುರುವಾರ ಕೊಂಡರೂ ಪೂರ್ತಿ ದುಡ್ಡು, ಓಡಾಟ ನಾಲ್ಕೇ ದಿನ. ಶುಕ್ರವಾರವಾದರೆ ಆ ವಾರದ ಪಾಸನ್ನು ಮಾರುವುದೇ ಇಲ್ಲ, ಮುಂದಿನ ವಾರದ್ದು ಮಾತ್ರ. ಭಾವನ ವಿಮಾನ ಇಳಿಯುವುದು ಶುಕ್ರವಾರ ಬೆಳಿಗ್ಗೆ.

“ರಾಹುಕಾಲ ತಪ್ಪಿಸೋಕೆ ನಾವು ಪಂಚಾಂಗ ನೋಡಿದ್ವಿ. ಇವರದ್ದೂ ಒಂದು ಪಂಚಾಂಗ ಇರುತ್ತೆ ಅಂತ ಯಾರಿಗೆ ಗೊತ್ತಿತ್ತು?” ಅಂದಳು ಅಕ್ಕ, ಅಡುಗೆಮನೆಯಿಂದಲೇ.

ಭಾವ ವಿಮಾನವನ್ನೇ ಸೋಮವಾರಕ್ಕೆ ಸರಿಸಲು ಹೋದರು. ಪಾಸಿನಿಂದ ಉಳಿಯುವ ದುಡ್ಡು ಇಬ್ಬರ ಒಂದು ಹೊತ್ತಿನ ಊಟದಷ್ಟು, ದಿನ ಬದಲಾಯಿಸುವ ಶುಲ್ಕ ನಮ್ಮ ಕಡೆಯ ಒಂದು ನಾಮಕರಣದಷ್ಟು. ಆ ಲೆಕ್ಕವನ್ನೂ ಡೈರಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದರು.

ಆದರೂ ಆಸೆ ಬಿಡಲಿಲ್ಲ. ಉಳಿಯುವ ಸೋಮ, ಮಂಗಳ, ಬುಧಕ್ಕಾದರೂ ಆದೀತೆಂದು ಆ ಕಾರ್ಡಿನ ತಯಾರಿ ನಡೆಯಿತು. ಕಾರ್ಡಿಗೆ ಫೋಟೊ ಅಂಟಿಸಬೇಕು, ಅದೂ ಮೂರು ಸೆಂಟಿಮೀಟರ್ ಎತ್ತರ, ಎರಡೂವರೆ ಅಗಲ. ನಮ್ಮ ಪಾಸ್‌ಪೋರ್ಟ್ ಫೋಟೊ ಅದಕ್ಕಿಂತ ದೊಡ್ಡದು. ಭಾವ ಕನ್ನಡಕ ಏರಿಸಿ, ಸ್ಕೇಲಿಟ್ಟು ಗುರುತು ಹಾಕಿ, ಅಕ್ಕ ಹೂವಿನ ದಾರ ಕತ್ತರಿಸುವ ಕತ್ತರಿಯಲ್ಲೇ ಅಕ್ಕನ ಫೋಟೊ ಕತ್ತರಿಸತೊಡಗಿದರು. ಮೊದಲು ಸೆರಗು ಹೋಯಿತು. ಆಮೇಲೆ ಎಡಗಡೆ ಅರ್ಧ ಮಿಲಿಮೀಟರ್ ಜಾಸ್ತಿ ಇದೆ ಎಂದು ಇನ್ನೊಂದು ಸಲ ಕತ್ತರಿ ಆಡಿಸಿದಾಗ ಬೆಂಡೋಲೆಯ ಸಮೇತ ಕಿವಿ ಹೋಯಿತು.

“ಓಲೆ ನಮ್ಮಪ್ಪ ಮಾಡಿಸಿದ್ದು ಕಣ್ರೀ,” ಅಂದಳು ಅಕ್ಕ. ಅಷ್ಟೇ ಅಂದದ್ದು. ಆ ಕಾರ್ಡಿನ ಯೋಜನೆ ಅಲ್ಲಿಗೆ ಮುಗಿಯಿತು.

ಅಕ್ಕನ ಅಸಹನೆಗೆ ಕಾರಣವಿದೆ. 2023ರ ಜೂನ್ 11ರಿಂದ ಅವಳು ಆಧಾರ್ ಕಾರ್ಡ್ ತೋರಿಸಿ ಸಾರಿಗೆ ಬಸ್ಸಿನಲ್ಲಿ ನಂಜನಗೂಡಿನಿಂದ ಧರ್ಮಸ್ಥಳದವರೆಗೆ ಕಾಸು ಬಿಚ್ಚದೆ ತಿರುಗಿದವಳು. ಇತ್ತ ಭಾವನ ಪರ್ಸಿನಲ್ಲಿ ಕಾರ್ಡುಗಳದ್ದೇ ಒಂದು ಸಂಸಾರ. ಹಿರಿಯ ನಾಗರಿಕರ ಗುರುತಿನ ಚೀಟಿ, ಬೆಂಗಳೂರಿನ ಮೆಟ್ರೊ ಕಾರ್ಡು, ಜೊತೆಗೆ 2017ರಲ್ಲಿ ಮೈಸೂರಿಗೆ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಬಂದಾಗ ಉತ್ಸಾಹದಿಂದ ಮಾಡಿಸಿದ ಕಾರ್ಡು. ಆ ಸೈಕಲ್ಲನ್ನು ಅವರು ಏರಿದ್ದು ಒಂದೇ ಸಲ, ಇಳಿದದ್ದು ಒಂದು ಹಸುವಿನ ಮುಂದೆ.

ಇನ್ನು ಮ್ಯೂಸಿಯಂ ಪಾಸ್. ಎರಡು, ನಾಲ್ಕು, ಆರು ದಿನಗಳ ಲೆಕ್ಕದಲ್ಲಿ ಸಿಗುತ್ತದೆ. ದಿನ ಅಂದರೆ ನಮ್ಮ ದಿನವಲ್ಲ. ನಾಲ್ಕು ದಿನ ಅಂದರೆ ಮೊದಲ ಬಾಗಿಲಲ್ಲಿ ಪೀಂ ಅಂದ ಗಳಿಗೆಯಿಂದ 96 ಗಂಟೆ. ನಿದ್ದೆ, ಸ್ನಾನ, ಅಕ್ಕನ ಪೂಜೆ ಎಲ್ಲವೂ ಆ 96ರೊಳಗೇ. ಐವತ್ತಕ್ಕೂ ಹೆಚ್ಚು ಜಾಗಗಳಿಗೆ ಪ್ರವೇಶ. ಭಾವ ಪಟ್ಟಿಯನ್ನು ಎರಡು ಸಲ ಓದಿ, ಮೂರನೇ ಸಲ ಬೆರಳಿಟ್ಟು ಓದಿ, ತಲೆಯೆತ್ತಿ ಕೇಳಿದರು: “ಐಫೆಲ್ ಟವರ್ ಎಲ್ಲಯ್ಯ?”

ಇಲ್ಲ. ಲೋಕವೆಲ್ಲ ಯಾವುದನ್ನು ನೋಡಲು ಅಲ್ಲಿಗೆ ಹೋಗುತ್ತದೋ ಅದು ಪಾಸಿನಲ್ಲಿಲ್ಲ. ಇರುವುದೇನು? ಚರಂಡಿ. ಉತ್ಪ್ರೇಕ್ಷೆಯಲ್ಲ, ಪ್ಯಾರಿಸ್ಸಿನ ನೆಲದಡಿಯ ಒಳಚರಂಡಿಗೇ ಒಂದು ಮ್ಯೂಸಿಯಂ ಇದೆ, ಅದು ಪಾಸಿನಲ್ಲಿದೆ. ಮೋರಿ ನೋಡಲು ಮುಂಗಡ ದುಡ್ಡು ಕೊಡುವ ಭಾಗ್ಯ ನಮ್ಮ ಪಾಲಿಕೆಗೆ ಇನ್ನೂ ಹೊಳೆದಿಲ್ಲ, ಯಾರೂ ಹೇಳಬೇಡಿ.

ಪಾಸಿದ್ದರೂ ಅಲ್ಲಿನ ದೊಡ್ಡ ಮ್ಯೂಸಿಯಂ ಆದ ಲೂವ್ರ್‌ಗೆ ಇಷ್ಟು ಗಂಟೆಗೆ ಬರುತ್ತೇನೆಂದು ಮೊದಲೇ ಸಮಯ ಕಾದಿರಿಸಬೇಕು. ಅದು ಮಂಗಳವಾರ ರಜೆ. ಓರ್ಸೆ ಮ್ಯೂಸಿಯಂ, ವರ್ಸೇಲ್ಸ್ ಅರಮನೆ ಎರಡಕ್ಕೂ ಸೋಮವಾರ ರಜೆ. ನಮ್ಮ ಝೂ ಕೂಡ ಮಂಗಳವಾರವೇ ಮುಚ್ಚಿರುತ್ತದೆ, ಅಂದರೆ ಮೈಸೂರಿನ ಹುಲಿಗೂ ಪ್ಯಾರಿಸ್ಸಿನ ಮೊನಾಲಿಸಾಳಿಗೂ ವಾರದ ರಜೆ ಒಂದೇ ದಿನ. ಪಾಸ್ ಬೇಡ, ಬಿಡಿ ಟಿಕೆಟ್ ಸಾಕು ಅಂದರೆ ಲೂವ್ರ್‌ನಲ್ಲಿ 2026ರ ಜನವರಿಯಿಂದ ಯುರೋಪಿನವರಿಗೆ 22 ಯೂರೊ, ನಮ್ಮಂಥವರಿಗೆ 32. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿಲಲ್ಲಿ ವಿದೇಶಿಯರಿಗೆ ಬೇರೆ ದರ ಬರೆದ ಬೋರ್ಡು ನೋಡಿ ‘ಕೊಡಲಿ ಬಿಡು, ಅವರ ಹತ್ರ ಇರುತ್ತೆ’ ಅಂದವರಲ್ಲಿ ನಮ್ಮ ಭಾವ ಮೊದಲಿಗರು. ಈಗ ಮಾತಾಡಲಿಲ್ಲ, ಕೆಂಪು ಪೆನ್ನಿನ ಮುಚ್ಚಳ ಹಾಕಿದರು.

ಅಂತೂ ನಾಲ್ಕು ದಿನದ ಮ್ಯೂಸಿಯಂ ಪಾಸ್ ಎರಡು, ಮೆಟ್ರೊದ ಬಿಡಿ ಟಿಕೆಟ್ ತುಂಬಿಸಿಕೊಳ್ಳಲು ಫೋಟೊ ಬೇಡದ ಎರಡು ಯೂರೊದ ಕಾರ್ಡು ಎರಡು. ಹೋದರು. ಬಂದರು.

“ಹೇಗಿತ್ತು ಭಾವ ಪ್ಯಾರಿಸ್?”

“ವಸೂಲಾಯ್ತು.”

ಹೇಗೆ ವಸೂಲಾಯ್ತು ಅನ್ನುವುದನ್ನು ಅಕ್ಕ ಹೇಳಿದಳು. 96 ಗಂಟೆಯಲ್ಲಿ ಹದಿಮೂರು ಜಾಗ. ಒಳಗೆ ಹೋದ ಕೂಡಲೇ ಭಾವ ನೋಡುತ್ತಿದ್ದುದು ಗೋಡೆಯ ಮೇಲಿನ ಚಿತ್ರವನ್ನಲ್ಲ, ಕೈಗಡಿಯಾರವನ್ನು. ಎರಡನೇ ದಿನ ಅವಳ ಮಂಡಿ ಊದಿಕೊಂಡು ‘ನಾನು ಇಲ್ಲೇ ಬೆಂಚ್ ಮೇಲೆ ಕೂತಿರ್ತೀನಿ’ ಅಂದಿದ್ದಕ್ಕೆ ‘ನೀನು ಕೂತರೆ ನಿನ್ನ ಪಾಸ್ ಗತಿ?’ ಅಂದರಂತೆ. ಮೂರನೇ ದಿನ ದಾರಿಯಲ್ಲೇ ಕಾರ್ನವಾಲೆ ಎಂಬ ಮ್ಯೂಸಿಯಂ ಸಿಕ್ಕಿತು. ಆ ನಗರದ ಚರಿತ್ರೆಯೆಲ್ಲ ಅಲ್ಲಿದೆ, ಅಲ್ಲಿನ ಕಾಯಂ ಸಂಗ್ರಹ ನೋಡಲು ಎಲ್ಲರಿಗೂ ಉಚಿತ. ಅಕ್ಕ ಒಳಗೆ ಕಾಲಿಡಲು ಹೋದಾಗ ಭಾವ ತಡೆದರು. “ಫ್ರೀ ಇರೋದನ್ನ ನೋಡ್ತಾ ನಿಂತರೆ ದುಡ್ಡು ಕೊಟ್ಟಿರೋದು ಯಾವಾಗ ನೋಡೋದು?”

ಚರಂಡಿ ನೋಡಿದರು. ಪೂರ್ತಿ, ನಿಧಾನವಾಗಿ. ಅಲ್ಲಿ ಜನ ಕಡಿಮೆ ಇದ್ದರು, ಹೀಗಾಗಿ ಫೋಟೊ ಚೆನ್ನಾಗಿ ಬಂದಿವೆ. ಮನೆಗೆ ಬಂದವರಿಗೆಲ್ಲ ಮೊಬೈಲಿನಲ್ಲಿ ಮೊದಲು ತೋರಿಸುವುದು ಅದನ್ನೇ. ಐಫೆಲ್ ಟವರ್ ಕೆಳಗೂ ಹೋಗಿದ್ದರು. ಲಿಫ್ಟಿಗಿಂತ ಮೆಟ್ಟಿಲ ಟಿಕೆಟ್ ಅಗ್ಗ, ಎರಡನೇ ಅಂತಸ್ತಿಗೆ 674 ಮೆಟ್ಟಿಲು ಎಂದು ಯಾರೋ ಹೇಳಿದರಂತೆ. “ಮೆಟ್ಟಿಲು ಹತ್ತೋಕೂ ದುಡ್ಡಾ? ನಮ್ಮ ಚಾಮುಂಡಿ ಬೆಟ್ಟದಲ್ಲಿ ಸಾವಿರದೆಂಟು ಮೆಟ್ಟಿಲು, ಬಿಟ್ಟಿ. ಮೇಲೆ ಪ್ರಸಾದ ಬೇರೆ,” ಎಂದು ಭಾವ ವಾಪಸ್ ತಿರುಗಿದರು. ಕತ್ತಲಾದ ಮೇಲೆ ಆ ಗೋಪುರ ಗಂಟೆಗೊಮ್ಮೆ ಐದು ನಿಮಿಷ ಮಿಣಮಿಣ ಮಿನುಗುತ್ತದಲ್ಲ, ಅದನ್ನು ಅಕ್ಕ ನೋಡಿದಳು. ಭಾವ ಆಗ ಪಕ್ಕದಲ್ಲೇ ಬಗ್ಗಿಕೊಂಡು ಫೋನಿನಲ್ಲಿ ಮರುದಿನದ ಲೂವ್ರ್‌ಗೆ ಸಮಯ ಕಾದಿರಿಸುತ್ತಿದ್ದರು.

ನಾನು ಏಳುವ ಹೊತ್ತಿಗೆ ಭಾವ ಪರ್ಸು ತೆಗೆದು, ಟ್ರಿಣ್ ಟ್ರಿಣ್ ಕಾರ್ಡಿನ ಹಿಂದಿನಿಂದ ಪ್ಯಾರಿಸ್ ಕಾರ್ಡನ್ನು ಎಳೆದು ಮೇಜಿನ ಮೇಲಿಟ್ಟರು.

“ಇದರಲ್ಲಿ ಇನ್ನೂ ಮೂರು ಸಲದ ಮೆಟ್ರೊ ಪ್ರಯಾಣ ಉಳಿದಿದೆ. ಕಾರ್ಡು ಹತ್ತು ವರ್ಷ ನಡೆಯುತ್ತಂತೆ. ನಿಂಗೆ ಊರಲ್ಲಿ ಎಲ್ಲರೂ ಪರಿಚಯ ಅಲ್ವಾ? ಯಾರಾದ್ರೂ ಪ್ಯಾರಿಸ್ಸಿಗೆ ಹೋಗೋರಿದ್ರೆ ಹೇಳು. ಮೂರು ಟಿಕೆಟ್ ದುಡ್ಡು ಕೊಟ್ಟರೆ ಸಾಕು, ಕಾರ್ಡಿನ ಎರಡು ಯೂರೊ ಬಿಟ್ಟುಬಿಡ್ತೀನಿ.”

“ಅರ್ಧ ಬಿಡಿ ಸಾಕು,” ಅಂದಳು ಅಕ್ಕ, ಅಡುಗೆಮನೆಯಿಂದಲೇ.